ಏಪ್ರಿಲ್‌ನ ಹಿಮದ ಓಣಿ: ಹತ್ತುವ ಮೊದಲು ಹಿಂದಿನ ರಾತ್ರಿ ನೋಡಿ

ಪ್ರಶ್ನೆ: ನಾನು ಕಲಬುರಗಿಯವನು. ಎರಡು ಚಳಿಗಾಲ ಗುಲ್ಮಾರ್ಗ್‌ನಲ್ಲಿ 14 ದಿನದ ಸ್ಕೀಯಿಂಗ್ ಕೋರ್ಸ್ ಮಾಡಿದ್ದೇನೆ. ಹದಮಾಡಿದ ಇಳಿಜಾರಿನಲ್ಲಿ ಎಡಬಲ ತಿರುವು ಆರಾಮಾಗಿ ಬರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಬೀದರ್‌ನ ಗೆಳೆಯ, ಯಾದಗಿರಿಯ ಗೆಳತಿ ಮತ್ತು ನಾನು ಒಬ್ಬ ಗೈಡ್ ಜೊತೆ ಮನಾಲಿ, ಲಾಹೌಲ್ ಕಡೆ ಕಡಿದಾದ ಕುಲ್ವಾರ್ (ಹಿಮದ ಓಣಿ) ಒಂದನ್ನು ಹತ್ತಿ ಇಳಿಯಬೇಕೆಂದಿದ್ದೇವೆ. ವಸಂತದಲ್ಲಿ ಹಿಮ ಕೂತು ಗಟ್ಟಿಯಾಗಿರುತ್ತದೆ, ಹಿಮಕುಸಿತದ ಭಯ ಕಡಿಮೆ ಎಂದು ಕೇಳಿದ್ದೇವೆ. ಎಷ್ಟು ಗಂಟೆಗೆ ಹೊರಡಬೇಕು, ಏನೇನು ಬೇಕು, ಈ ಬಿಸಿಲೂರಲ್ಲಿ ಕೂತು ತಯಾರಿ ಹೇಗೆ?

ಉತ್ತರ: ನೀವು ಕೇಳಿಸಿಕೊಂಡ ಮಾತಿನಲ್ಲಿ ಅರ್ಧ ಮಾತ್ರ ನಿಜ. ವಸಂತದಲ್ಲಿ ಹಿಮಕುಸಿತ ಕಡಿಮೆಯಾಗುವುದಿಲ್ಲ, ಅದಕ್ಕೊಂದು ವೇಳೆ ಬರುತ್ತದೆ. ಜನವರಿಯಲ್ಲಿ ಯಾವ ಇಳಿಜಾರು ಯಾವಾಗ ಜಾರೀತು ಎಂದು ಹೇಳುವುದು ಬಲ್ಲವರಿಗೂ ಕಷ್ಟ. ಏಪ್ರಿಲ್‌ನಲ್ಲಿ ಹೊಸ ಹಿಮ ಬೀಳದೆ ನಾಲ್ಕೈದು ದಿನ ಕಳೆದಿದ್ದು ರಾತ್ರಿ ಆಕಾಶ ಶುಭ್ರವಾಗಿದ್ದರೆ ಹೆಚ್ಚುಕಡಿಮೆ ಗಂಟೆ ಹಿಡಿದು ಹೇಳಬಹುದು. ಬೆಳಿಗ್ಗೆ ಆರಕ್ಕೆ ಸಿಮೆಂಟ್ ರಸ್ತೆಯಂತಿದ್ದ ಇಳಿಜಾರು ಒಂಬತ್ತಕ್ಕೆ ಸ್ಕೀಗೆ ಹದವಾಗುತ್ತದೆ, ಹನ್ನೊಂದಕ್ಕೆ ಮಳೆಯಲ್ಲಿ ನೆನೆದ ಮಣ್ಣಿನ ಮಾಳಿಗೆಯಂತಾಗುತ್ತದೆ. ಮಣ್ಣಿನ ಮಾಳಿಗೆ ಯಾಕೆ ಕುಸಿಯುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ: ನೀರು ಒಳಗಿಳಿದು ಭಾರ ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ಮಣ್ಣಿನ ಹಿಡಿತವನ್ನೂ ಸಡಿಲಿಸುತ್ತದೆ. ಹಿಮದಲ್ಲೂ ಅದೇ ಆಗುತ್ತದೆ. ಆದ್ದರಿಂದ ವಸಂತದ ಕುಲ್ವಾರ್‌ನಲ್ಲಿ ನಿಮ್ಮ ಕಾಲಿನ ಕಸುವಿಗಿಂತ ಮೊದಲು ನೋಡಬೇಕಾದದ್ದು ಹಿಂದಿನ ರಾತ್ರಿ ಹಿಮ ಸರಿಯಾಗಿ ಹೆಪ್ಪುಗಟ್ಟಿತೋ ಇಲ್ಲವೋ ಎಂಬುದನ್ನು. ಉಳಿದ ಲೆಕ್ಕಗಳೆಲ್ಲ ಇದರ ಮೇಲೆ ನಿಂತಿವೆ.

ಕುಲ್ವಾರ್ ಎಂದರೆ ಎರಡು ಬಂಡೆಗೋಡೆಗಳ ನಡುವೆ ಮೇಲಿಂದ ಕೆಳತನಕ ಇಳಿದುಬರುವ ಹಿಮದ ಓಣಿ. ಇಂಥ ಕೊರಕಲನ್ನು ಹಿಮಾಚಲದ ಜನ ನಾಲಾ ಎನ್ನುತ್ತಾರೆ. ಹಿಮ ಕರಗಿದ ಮೇಲೆ ಅದರಲ್ಲಿ ನೀರು ಹರಿಯುತ್ತದೆ. ಮೇಲಿನ ಬಯಲಿಂದ ಕಳಚಿದ್ದು ನೀರಾಗಲಿ, ಕಲ್ಲಾಗಲಿ, ಹಿಮವಾಗಲಿ ಇದೇ ದಾರಿ ಹಿಡಿಯುತ್ತದೆ. ಅಗಲವಾದ ಇಳಿಜಾರಿನಲ್ಲಿ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬಹುದು. ಓಣಿಯಲ್ಲಿ ಸರಿಯಲು ಜಾಗ ಇರುವುದಿಲ್ಲ.

ಹೆಪ್ಪುಗಟ್ಟುವ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದವರಿಗೆ ಇದು ಮೈಗೇ ಗೊತ್ತಿರುತ್ತದೆ. ಆಕಾಶದ ತುಂಬ ಚಿಕ್ಕೆ ಕಾಣುವ ರಾತ್ರಿ ನಸುಕಿನ ಹೊತ್ತಿಗೆ ಚಾದರ ಎಳೆದುಕೊಳ್ಳಬೇಕೆನಿಸುತ್ತದೆ. ಮೋಡ ಮುಚ್ಚಿದ ರಾತ್ರಿ ಸೆಕೆಗೆ ನಿದ್ದೆ ಹತ್ತುವುದಿಲ್ಲ. ಹಿಮವೂ ರಾತ್ರಿಯೆಲ್ಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಿರುತ್ತದೆ. ಆಕಾಶ ತೆರೆದಿದ್ದರೆ ಗಾಳಿಯ ಉಷ್ಣಾಂಶ 2 ಅಥವಾ 3 ಡಿಗ್ರಿ ಇದ್ದಾಗಲೂ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಮೋಡ ಇದ್ದರೆ ಹೋದ ಶಾಖ ಮರಳಿ ಬರುತ್ತದೆ, ಹಿಮ ಒದ್ದೆಯಾಗೇ ಉಳಿಯುತ್ತದೆ. ಎರಡನೆಯದು ತೇವ. ಏಪ್ರಿಲ್‌ನಲ್ಲಿ ತಣ್ಣಗೆ ಗಾಳಿ ಬಿಡುವ ಕೂಲರ್ ಮಳೆ ಶುರುವಾದ ಮೇಲೆ ಬರೀ ಅಂಟು ಗಾಳಿ ಬಿಡುತ್ತದಲ್ಲ, ಹಾಗೆ. ಒಣ ಗಾಳಿಯಲ್ಲಿ ಹಿಮದ ಮೇಲಿನ ತೇವ ಆವಿಯಾಗಿ ಹಿಮವನ್ನು ತಂಪಿಡುತ್ತದೆ. ತೇವದ ಗಾಳಿಯಲ್ಲಿ ಆ ತಂಪು ಸಿಗುವುದಿಲ್ಲ. ಹಾಗಾಗಿ ಹವಾಮಾನ ಮುನ್ಸೂಚನೆ ತೆರೆದಾಗ ಕನಿಷ್ಠ ಉಷ್ಣಾಂಶದ ಅಂಕಿಯೊಂದನ್ನೇ ನೋಡಿ ಸಮಾಧಾನ ಪಡಬೇಡಿ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗಿನ ಮೋಡ, ತೇವಾಂಶ, ಗಾಳಿ ಮೂರನ್ನೂ ನೋಡಿ. ರಾತ್ರಿ ಎರಡರವರೆಗೆ ಮೋಡವಿದ್ದು ಆಮೇಲೆ ತೆರೆದರೆ ಮೇಲೆ ಎರಡು ಬೆರಳಷ್ಟು ತೆಳು ಪದರ ಮಾತ್ರ ಕಟ್ಟುತ್ತದೆ. ನೋಡಲು ಗಟ್ಟಿ ಕಾಣುತ್ತದೆ, ಒಳಗೆ ನುಚ್ಚಂಬಲಿ. ಜನ ಹೆಚ್ಚು ಮೋಸ ಹೋಗುವುದು ಇಂಥ ಬೆಳಗಿನಲ್ಲೇ.

ಆ ಮೋಸವನ್ನು ಕೈಯಿಂದ ಪತ್ತೆ ಹಚ್ಚಬಹುದು. ಓಣಿಯ ಬುಡದಲ್ಲಿ ಸ್ಕೀ ಕಳಚಿ, ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಬೂಟು ಮೇಲೆಯೇ ನಿಂತರೆ ಸರಿ. ಹಿಮ್ಮಡಿ ಮೇಲಿನ ಪದರವನ್ನು ಮುರಿದುಕೊಂಡು ಒಳಗೆ ಹೋದರೆ ಆ ದಿನದ ಯೋಜನೆ ಅಲ್ಲಿಗೇ ನಿಲ್ಲಬೇಕು. ನಿಂತರೂ ಮುಂದಿನದನ್ನು ಬಿಡಬೇಡಿ. ಸಲಿಕೆಯಿಂದ ಮೊಣಕೈ ಆಳದ ಗುಂಡಿ ತೋಡಿ, ಮೇಲಿನ ಗಟ್ಟಿ ಪದರ ಎಷ್ಟು ದಪ್ಪ ಇದೆ ನೋಡಿ, ಅದರ ಕೆಳಗಿನ ಹಿಮವನ್ನು ಕೈಗವಸಿನಲ್ಲಿ ಹಿಂಡಿ. ಉಂಡೆ ಕಟ್ಟದೆ ಉದುರಿದರೆ ಒಣ ಹಿಮ. ಉಂಡೆ ಕಟ್ಟಿದರೆ ತೇವ. ಹಿಂಡಿದಾಗ ನೀರು ತೊಟ್ಟಿಕ್ಕಿದರೆ ತುಂಬ ಒದ್ದೆ. ಗಟ್ಟಿ ಪದರ ಅಂಗೈ ಅಗಲಕ್ಕಿಂತ ತೆಳುವಾಗಿದ್ದು ಅದರ ಕೆಳಗೆ ನೀರು ತೊಟ್ಟಿಕ್ಕುವ ಹಿಮ ಇದ್ದರೆ ಸೂರ್ಯ ಬಂದ ಅರ್ಧ ಗಂಟೆಯಲ್ಲಿ ಆ ಪದರ ಸೋಲುತ್ತದೆ. ಇದಕ್ಕೆ ಹಿಡಿಯುವುದು ಐದು ನಿಮಿಷ. ಬುಡದಲ್ಲೊಮ್ಮೆ, ಅರ್ಧ ಹತ್ತಿದಾಗ ಒಮ್ಮೆ ಮಾಡಿ, ಯಾಕೆಂದರೆ ಬಂಡೆಗೋಡೆಯ ಪಕ್ಕದ ಹಿಮಕ್ಕೆ ರಾತ್ರಿಯೂ ಗೋಡೆಯ ಬಿಸಿ ತಾಗುತ್ತಿರುತ್ತದೆ. ನಡು ಓಣಿ ಗಟ್ಟಿಯಿದ್ದು ಅಂಚು ಪೊಳ್ಳಾಗಿರುವುದು ಸಾಮಾನ್ಯ.

ರಾತ್ರಿ ಹೆಪ್ಪು, ಹಗಲು ಕರಗು, ಹೀಗೆ ಹಲವು ದಿನ ನಡೆದರೆ ಹಿಮದ ಹರಳುಗಳು ದುಂಡಗೆ, ದಪ್ಪಗೆ ಆಗುತ್ತವೆ. ಸ್ಕೀ ಆಡುವವರು ಅದನ್ನು ಕಾರ್ನ್ ಎನ್ನುತ್ತಾರೆ. ಜೋಳದ ನುಚ್ಚನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಮೇಲಿನ 2ರಿಂದ 4 ಸೆಂಟಿಮೀಟರ್ ನುಚ್ಚಿನಂತೆ ಸಡಿಲಾಗಿ, ಕೆಳಗೆ ಇನ್ನೂ ಗಟ್ಟಿ ಇರುವ ಹೊತ್ತೇ ಇಳಿಯುವ ಹೊತ್ತು. ಅದಕ್ಕಿಂತ ಮುಂಚೆ ಇಳಿದರೆ ಮಂಜುಗಡ್ಡೆಯ ಮೇಲೆ ಸ್ಕೀಯ ಅಂಚು ಕಚ್ಚುವುದಿಲ್ಲ, ಬಿದ್ದರೆ ಬುಡದವರೆಗೆ ತಡೆ ಇಲ್ಲ. ತಡ ಮಾಡಿದರೆ ಹಿಮವೇ ನಿಮ್ಮ ಜೊತೆ ಹೊರಡುತ್ತದೆ. ಈ ಹದ ಒಂದು ದಿಕ್ಕಿನ ಇಳಿಜಾರಿನಲ್ಲಿ ಒಂದು ಗಂಟೆ, ಬಹಳವೆಂದರೆ ಒಂದೂವರೆ ಗಂಟೆ ಇರುತ್ತದೆ. ಮೊದಲು ಪೂರ್ವದ ಮುಖ, ಆಮೇಲೆ ದಕ್ಷಿಣ, ಮಧ್ಯಾಹ್ನದತ್ತ ಪಶ್ಚಿಮ. ಉತ್ತರಮುಖದ ಓಣಿಗಳ ಸ್ವಭಾವ ಬೇರೆಯೇ, ಅದನ್ನು ಮುಂದೆ ಹೇಳುತ್ತೇವೆ.

ಈಗ ನಿಮ್ಮ ಮೊದಲ ಪ್ರಶ್ನೆ: ಎಷ್ಟು ಗಂಟೆಗೆ ಹೊರಡಬೇಕು? ಹೊರಡುವ ವೇಳೆಯಿಂದ ಲೆಕ್ಕ ಶುರುಮಾಡಬೇಡಿ, ಇಳಿಯುವ ವೇಳೆಯಿಂದ ಹಿಂದಕ್ಕೆ ಬನ್ನಿ. ಪೂರ್ವಮುಖದ ಓಣಿ, ಬುಡ 3,800 ಮೀಟರ್, ತುದಿ 4,300 ಮೀಟರ್ ಎಂದುಕೊಳ್ಳಿ. ಹಿಂದಿನ ದಿನ ಎದುರು ದಿಬ್ಬದಿಂದ ಗಮನಿಸಿದಾಗ ಎಂಟೂವರೆಗೆ ಹದ ಬಂದಿತ್ತು ಎಂದಿಟ್ಟುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ ಬದುಕುವ ನಿಮ್ಮಂಥವರು ಅಷ್ಟು ಮೇಲೆ, ಬೆನ್ನಿಗೆ ಸ್ಕೀ ಕಟ್ಟಿಕೊಂಡು, ಗಂಟೆಗೆ 200 ಮೀಟರ್ ಏರಿದರೆ ಒಳ್ಳೆಯ ವೇಗ. 500 ಮೀಟರ್‌ಗೆ ಎರಡೂವರೆ ಗಂಟೆ. ತುದಿಯಲ್ಲಿ ಕ್ರ್ಯಾಂಪಾನ್ (ಬೂಟಿನಡಿಗೆ ಕಟ್ಟುವ ಮೊಳೆಗಳ ಚೌಕಟ್ಟು) ಬಿಚ್ಚಿ ಸ್ಕೀ ಹಾಕಿಕೊಳ್ಳಲು 40 ನಿಮಿಷ. ಅಲ್ಲಿಗೆ ಓಣಿಯ ಬುಡದಲ್ಲಿ ನೀವು 5:20ಕ್ಕೆ ಇರಬೇಕು. ಟೆಂಟಿನಿಂದ ಬುಡಕ್ಕೆ ಒಂದೂವರೆ ಗಂಟೆಯಾದರೆ 3:50ಕ್ಕೆ ಹೊರಟಿರಬೇಕು, 2:45ಕ್ಕೆ ಎದ್ದು ಒಲೆ ಹಚ್ಚಿರಬೇಕು. ಇದರ ಜೊತೆಗೆ ಇನ್ನೊಂದು ವೇಳೆಯನ್ನು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿ ಇಟ್ಟುಕೊಳ್ಳಿ: 8:15. ಆ ಹೊತ್ತಿಗೆ ಎಲ್ಲಿದ್ದರೂ ಅಲ್ಲಿಂದಲೇ ಇಳಿಯುವುದು. ತುದಿ ಇನ್ನು 60 ಮೀಟರ್ ಇದೆ ಎಂಬ ಮಾತು ಆಗ ಬರುತ್ತದೆ, ಪ್ರತಿ ಸಲ ಬರುತ್ತದೆ. ಆ 60 ಮೀಟರ್ ಏರಿ ಸ್ಕೀ ಹಾಕುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ, ಹದವೂ ಮುಗಿಯುತ್ತ ಬಂದಿರುತ್ತದೆ.

ಗಡಿಯಾರಕ್ಕೂ ಮುಂಚೆ ಹಿಮವೇ ಹೇಳುವುದುಂಟು. ಬಿಸಿಲು ಬಿದ್ದ ಬಂಡೆಯ ಬುಡದಿಂದ ಸಣ್ಣ ಹಿಮದುಂಡೆಗಳು ಉರುಳಿ, ಉರುಳುತ್ತ ಬಂಡಿಗಾಲಿಯಂತೆ ಸುತ್ತಿಕೊಂಡು ಬರತೊಡಗಿದರೆ ಮೇಲ್ಪದರದಲ್ಲಿ ನೀರಾಡುತ್ತಿದೆ ಎಂದರ್ಥ. ಕಾಲು ಹಿಮ್ಮಡಿ ದಾಟಿ ಗಿಣ್ಣಿನವರೆಗೆ ಇಳಿಯತೊಡಗಿದರೆ ನೀವು ಆಗಲೇ ತಡವಾಗಿದ್ದೀರಿ. ಮೇಲಿಂದ ಒಂದು ಕಲ್ಲು ಬಂದರೆ ಇನ್ನಷ್ಟು ಬರಲಿವೆ. ರಾತ್ರಿ ಮಂಜುಗಡ್ಡೆ ಅಂಟಿಸಿ ಹಿಡಿದಿದ್ದ ಕಲ್ಲುಗಳನ್ನು ಬಿಸಿಲು ಒಂದೊಂದಾಗಿ ಬಿಡಿಸುತ್ತದೆ. ನಿಮ್ಮ ಓಣಿ ಇನ್ನೂ ನೆರಳಲ್ಲಿದ್ದರೂ ಅದರ ನೆತ್ತಿಯ ಬಂಡೆಗೆ ಬಿಸಿಲು ತಾಗಿರಬಹುದು, ಹೀಗಾಗಿ ತಲೆಯೆತ್ತಿ ಮೇಲಿನ ಅಂಚನ್ನು ನೋಡುತ್ತಿರಿ. ಹೆಲ್ಮೆಟ್ ಹತ್ತುವಾಗಲೇ ತಲೆ ಮೇಲಿರಬೇಕು. ಬಹಳ ಜನ ಅದನ್ನು ಬ್ಯಾಗಿಗೆ ಕಟ್ಟಿಕೊಂಡು ಏರಿ ಇಳಿಯುವಾಗ ಹಾಕಿಕೊಳ್ಳುತ್ತಾರೆ. ಕಲ್ಲಿನ ಕೆಳಗೆ ಹೆಚ್ಚು ಹೊತ್ತು ಇರುವುದು ಹತ್ತುವಾಗ.

ಮೇಲೆ ಹೇಳಿದ ಗಡಿಯಾರ ನಂಬಲಾಗದ ಮೂರು ಸಂದರ್ಭಗಳಿವೆ. ಹೊಸ ಹಿಮ ಬಿದ್ದಾಗ: ಮಾರ್ಚ್, ಏಪ್ರಿಲ್‌ನಲ್ಲೂ ಪಶ್ಚಿಮದ ಮಾರುತಗಳ ಅಲೆಯೊಂದು ಬಂದರೆ ಹಿಮಾಲಯದಲ್ಲಿ ಮೊಣಕಾಲುದ್ದ ಹಿಮ ಸುರಿಯಬಹುದು. ನುಣುಪಾದ ಹಳೆ ಹೆಪ್ಪಿನ ಮೇಲೆ ಕೂತ ಆ ಹಿಮ ಮೊದಲ ಬಿಸಿಲಿಗೇ ಜಾರುತ್ತದೆ. ಎರಡನೆಯದು ವರ್ಷದ ಮೊದಲ ದೊಡ್ಡ ಬಿಸಿ. ಚಳಿಗಾಲವಿಡೀ ಒಣಗಿದ್ದ ಪದರಗಳೊಳಗೆ ನೀರು ಮೊದಲ ಸಲ ಇಳಿದಾಗ ಅಡಿಯ ಸಡಿಲ ಪದರ ಸೋಲುತ್ತದೆ. ಉತ್ತರಮುಖದ ಓಣಿಗಳಿಗೆ ಈ ಗಳಿಗೆ ಮೇ ತಿಂಗಳಲ್ಲಿ ಬರಬಹುದು. ಅಲ್ಲಿಯವರೆಗೆ ಅವು ಚಳಿಗಾಲದ ಹಿಮವನ್ನೇ ಇಟ್ಟುಕೊಂಡಿರುತ್ತವೆ, ಚಳಿಗಾಲದ ಅಪಾಯವನ್ನೂ. ಮೂರನೆಯದು ಗಾಳಿ ಹೊತ್ತು ತಂದು ಓಣಿಯ ನೆತ್ತಿಯಲ್ಲಿ ಪೇರಿಸಿದ ಹಿಮದ ಹಲಗೆ. ಶಹಾಬಾದ್ ಫರಸಿಯೊಂದನ್ನು ಜೋಳದ ಕಾಳಿನ ಮೇಲೆ ಹಾಸಿ ಓರೆ ಮಾಡಿದರೆ ಏನಾದೀತು? ಫರಸಿ ಇಡಿಯಾಗಿ ಜಾರುತ್ತದೆ, ಅದರ ಮೇಲೆ ನಿಂತವರನ್ನೂ ಸೇರಿಸಿ. ಇಂಥ ಹಲಗೆಗಳು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯ ನಡುವೆ, ಅಂದರೆ ಸ್ಕೀ ಆಡುವವರು ಹುಡುಕಿಕೊಂಡು ಹೋಗುವ ಓರೆಯಲ್ಲೇ. ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಹೊರಡುವ ವಾರವಿಡೀ ಅದನ್ನು ನೋಡುತ್ತಿರಿ, ಆದರೆ ಅದು ಇಡೀ ಪ್ರದೇಶಕ್ಕೆ ಹೇಳಿದ ಮಾತು, ನಿಮ್ಮೊಂದು ಓಣಿಗೆ ಹೇಳಿದ್ದಲ್ಲ ಎಂಬುದು ನೆನಪಿರಲಿ.

ಓರೆಯ ಮಾತು ಬಂತು. ನಿಮ್ಮ ಅನುಭವಕ್ಕೆ ಮೊದಲ ಓಣಿ 35 ಡಿಗ್ರಿ ದಾಟಬಾರದು, ಅತಿ ಇಕ್ಕಟ್ಟಿನ ಜಾಗದಲ್ಲೂ ಸ್ಕೀ ಉದ್ದದ ಮೂರು ಪಟ್ಟು ಅಗಲ ಇರಬೇಕು, ಬುಡದಲ್ಲಿ ಬಂಡೆಯೂ ಪ್ರಪಾತವೂ ಇಲ್ಲದ ಬಯಲಿರಬೇಕು. ಕಡಿದಾದದ್ದು ಎಂಬ ನಿಮ್ಮ ಆಸೆಗೆ ಇದು ಕಡಿಮೆ ಅನಿಸಬಹುದು. 35 ಡಿಗ್ರಿಯ ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಹಾಗನಿಸುವುದಿಲ್ಲ. 40 ಡಿಗ್ರಿ ದಾಟಿದ ಗಟ್ಟಿ ಹಿಮದಲ್ಲಿ ಬಿದ್ದವರು ಹಿಮಗೊಡಲಿ ಊರಿ ನಿಲ್ಲುವುದು ಬಹುಪಾಲು ಆಗದ ಮಾತು, ಮೊದಲ ಒಂದೆರಡು ಸೆಕೆಂಡಿನಲ್ಲಿ ನಿಲ್ಲದಿದ್ದರೆ ಆಮೇಲೆ ನಿಲ್ಲುವುದಿಲ್ಲ. ಕಣ್ಣಂದಾಜು ನಂಬಬೇಡಿ, ಅಳೆಯಿರಿ. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇದೆ, ಚಳಿಗೆ ಫೋನು ಸತ್ತರೆ ಸ್ಕೀ ಕೋಲುಗಳಿವೆ. 120 ಸೆಂಟಿಮೀಟರ್‌ನ ಒಂದು ಕೋಲನ್ನು ಇಳಿಜಾರಿನ ನೇರಕ್ಕೆ, ಹಿಡಿ ಕೆಳಗಾಗಿ ಮಲಗಿಸಿ ಒತ್ತಿ, ಎರಡೂ ತುದಿಗಳ ಗುರುತು ಮಾಡಿ. ಕೋಲಿನ ಮೊನೆ ಮೇಲಿನ ಗುರುತಿನಲ್ಲೇ ಇರಲಿ, ಹಿಡಿಯನ್ನು ಎತ್ತಿ. ಅಷ್ಟೇ ಉದ್ದದ ಇನ್ನೊಂದು ಕೋಲನ್ನು ಆ ಹಿಡಿಯ ಪಕ್ಕ ಎರಡು ಬೆರಳಲ್ಲಿ ಹಿಡಿದು ನೇರ ಜೋಲಾಡಲು ಬಿಡಿ. ಎತ್ತುತ್ತ ಇಳಿಸುತ್ತ ಜೋಲುವ ಕೋಲಿನ ಮೊನೆ ಹಿಮವನ್ನು ಮುಟ್ಟುವ ಜಾಗ ಹಿಡಿಯಿರಿ. ಅದು ಕೆಳಗಿನ ಗುರುತಿಗೇ ಮುಟ್ಟಿದರೆ 30 ಡಿಗ್ರಿ. ಗುರುತು ದಾಟಿ 10 ಸೆಂಟಿಮೀಟರ್ ಕೆಳಗೆ ಮುಟ್ಟಿದರೆ 33, 20 ಸೆಂಟಿಮೀಟರ್ ಕೆಳಗಾದರೆ 36. ಊರಲ್ಲೇ ಕಟ್ಟಡ ಕಟ್ಟುವ ಕಡೆ ಸುರಿದ ಮರಳಿನ ಗುಡ್ಡೆಯ ಮೇಲೆ ಇದನ್ನು ಕಲಿಯಬಹುದು. ಒಣ ಮರಳು ತಾನೇ ಸುಮಾರು 34 ಡಿಗ್ರಿಗೆ ಕೂರುತ್ತದೆ, ನಿಮ್ಮ ಮೊದಲ ಓಣಿಯ ಓರೆಯೂ ಹತ್ತಿರಹತ್ತಿರ ಅದೇ.

ಯಾವ ಓಣಿಯಲ್ಲಿ ಇಳಿಯುತ್ತೀರೋ ಅದೇ ಓಣಿಯಲ್ಲಿ ಹತ್ತಿ. ಹತ್ತುವಾಗ ಪ್ರತಿ ಹೆಜ್ಜೆಗೂ ಹಿಮದ ಗುಣ ತಿಳಿಯುತ್ತದೆ, ಎಲ್ಲಿ ಬಂಡೆ ಹಣಿಕಿದೆ, ಎಲ್ಲಿ ಓಣಿ ಇಕ್ಕಟ್ಟಾಗಿದೆ, ಎಲ್ಲಿ ಗೋಡೆಗೂ ಹಿಮಕ್ಕೂ ನಡುವೆ ಬಿರುಕು ಬಾಯ್ತೆರೆದಿದೆ ಎಂಬುದು ಮೊದಲೇ ಗೊತ್ತಾಗಿರುತ್ತದೆ. ತುದಿಯ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ಇದ್ದರೆ ಅದರ ನೇರ ಕೆಳಗೆ ನಿಲ್ಲುವುದಾಗಲಿ, ಮೇಲೆ ಹೋಗಿ ಇಣುಕುವುದಾಗಲಿ ಬೇಡ. ಚಾಚು ಮುರಿಯುವುದು ನಾವು ಅಂದುಕೊಂಡದ್ದಕ್ಕಿಂತ ಹಿಂದೆ, ಒಳಗಿನ ಗಟ್ಟಿ ಎಂದುಕೊಂಡ ಕಡೆ. ಅಂಥ ಓಣಿಯಲ್ಲಿ ಚಾಚಿಗಿಂತ ಸಾಕಷ್ಟು ಕೆಳಗೇ, ಬಂಡೆಯ ಆಸರೆಯಲ್ಲಿ ನಿಂತು ಸ್ಕೀ ಹಾಕಿಕೊಂಡರಾಯಿತು. ತುದಿ ಮುಟ್ಟಲೇಬೇಕೆಂದಿಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಾಡಿಗೆಗೆ ಕೊಡುವವರು ಪಟ್ಟಿ ಕೊಡುತ್ತಾರೆ. ತಪ್ಪುವ ಕಡೆಗಳನ್ನಷ್ಟೇ ಹೇಳುತ್ತೇವೆ. ಸ್ಕೀ ನಡು ಅಗಲ 85ರಿಂದ 95 ಮಿಲಿಮೀಟರ್ ಸಾಕು, ಗಟ್ಟಿ ಹಿಮದಲ್ಲಿ ಅದಕ್ಕಿಂತ ಅಗಲವಾದದ್ದು ಅಂಚು ಹಿಡಿಯಲು ಒದ್ದಾಡಿಸುತ್ತದೆ. ಅಂಚನ್ನು ಹೊರಡುವ ಮುಂಚೆ ಹರಿತ ಮಾಡಿಸಿ. ಕ್ರ್ಯಾಂಪಾನ್ ಉಕ್ಕಿನದಿರಲಿ, ನಿಮ್ಮದೇ ಬೂಟಿಗೆ ಮನೆಯಲ್ಲೇ ಕೂರಿಸಿ ನೋಡಿ: ಹಿಂದಿನ ಹಿಡಿಕೆ ಬಿಗಿಯಾಗಿ ಕೂತು, ಬೂಟು ಎತ್ತಿ ಜಾಡಿಸಿದರೂ ಅಲುಗಬಾರದು. ಅಡಿಗೆ ರಬ್ಬರಿನ ಹಾಳೆ ಇಲ್ಲದಿದ್ದರೆ ತೇವದ ಹಿಮ ಉಂಡೆಗಟ್ಟಿ ಮೊಳೆಗಳೆಲ್ಲ ಮುಚ್ಚಿಹೋಗುತ್ತವೆ. ಹಿಮಗೊಡಲಿ 50ರಿಂದ 55 ಸೆಂಟಿಮೀಟರ್. ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ, ಅಂದರೆ ಸ್ಕಿನ್, ಓಣಿಯ ಬುಡದವರೆಗೆ ಬೇಕು. ನಸುಕಿನ ಗಟ್ಟಿ ಹಿಮದಲ್ಲಿ ಸ್ಕಿನ್ ಒಂದೇ ಸಾಲದು, ಸ್ಕೀಗೆ ಸಿಕ್ಕಿಸುವ ಕ್ರ್ಯಾಂಪಾನ್ ಇಲ್ಲದೆ ಅಡ್ಡ ದಾಟುವಾಗ ಜಾರಿ ಬೀಳುವವರು ಬಹಳ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ತುದಿಯಲ್ಲಿ, ಕ್ರ್ಯಾಂಪಾನ್ ಬಿಚ್ಚಿ ಸ್ಕೀ ಹಾಕಿಕೊಳ್ಳುವ ಆ ಹೊತ್ತಿನಲ್ಲಿ. ಮೊದಲು ಸಲಿಕೆಯಿಂದ ಸ್ಕೀಯಷ್ಟು ಉದ್ದ, ಒಂದು ಮೊಳ ಅಗಲದ ಕಟ್ಟೆ ಕಡಿಯಿರಿ. ಕೊಡಲಿಯನ್ನು ಹಿಮಕ್ಕೆ ಊರಿ ಬ್ಯಾಗನ್ನು ಅದಕ್ಕೆ ಸಿಕ್ಕಿಸಿ. ಒಂದು ಸ್ಕೀಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿ, ಇನ್ನೊಂದನ್ನು ಮಾತ್ರ ಕೈಗೆ ತೆಗೆದುಕೊಳ್ಳಿ. ಒಂದು ಕಾಲಿನ ಕ್ರ್ಯಾಂಪಾನ್ ಬಿಚ್ಚಿ ಆ ಕಾಲಿಗೆ ಸ್ಕೀ, ಅದು ಕೂತ ಮೇಲೆ ಇನ್ನೊಂದು ಕಾಲು. ಪಿನ್ ಬೈಂಡಿಂಗ್‌ನಲ್ಲಿ (ಬೂಟನ್ನು ಸ್ಕೀಗೆ ಪಿನ್‌ಗಳಿಂದ ಹಿಡಿದಿಡುವ ಕಟ್ಟು) ಬೂಟಿನ ಮುಂಭಾಗದ ಎರಡು ಸಣ್ಣ ಕುಳಿಗಳಲ್ಲಿ ಹಿಮ ಹೆಪ್ಪುಗಟ್ಟಿರುತ್ತದೆ, ಬೈಂಡಿಂಗ್‌ನ ಸ್ಪ್ರಿಂಗ್ ಅಡಿಯಲ್ಲೂ. ಅದನ್ನು ಮೊನೆಯಿಂದ ಕೆದಕಿ ತೆಗೆಯದಿದ್ದರೆ ಪಿನ್ ಕೂತಂತೆ ಕಾಣುತ್ತದೆ, ಮೊದಲ ತಿರುವಿನಲ್ಲೇ ಬಿಟ್ಟುಕೊಡುತ್ತದೆ. ಕೂರಿಸಿದ ಮೇಲೆ ಹಿಮ್ಮಡಿ ಒತ್ತುವ ಮೊದಲು ಕಾಲನ್ನು ಮೇಲೆಕೆಳಗೆ ನಾಲ್ಕೈದು ಸಲ ಆಡಿಸಿ ಪಿನ್ ಸರಿಯಾಗಿ ತಿರುಗುತ್ತಿದೆಯೇ ನೋಡಿ. ಮುಂದಿನ ಹಿಡಿಕೆಯನ್ನು ಲಾಕ್ ಮಾಡಿ ಇಳಿಯಬೇಕೇ ಎಂಬುದಕ್ಕೆ ಎರಡು ಮಾತಿದೆ. ಲಾಕ್ ಮಾಡಿದರೆ ಸ್ಕೀ ಅಕಸ್ಮಾತ್ ಕಳಚುವುದಿಲ್ಲ, ಆದರೆ ಹಿಮ ಹೊತ್ತೊಯ್ದಾಗಲೂ ಕಳಚದೆ ಕಾಲು ಮುರಿಯುತ್ತದೆ, ಲಂಗರಿನಂತೆ ಒಳಗೆಳೆಯುತ್ತದೆ. 35 ಡಿಗ್ರಿಯೊಳಗೆ, ಬುಡ ಬಯಲಾಗಿರುವ ಓಣಿಯಲ್ಲಿ ಲಾಕ್ ಬೇಡ ಎಂಬುದು ನಮ್ಮ ಸಲಹೆ.

ಇಳಿಯುವಾಗ ಒಬ್ಬರ ನಂತರ ಒಬ್ಬರು. ಉಳಿದವರು ಬಂಡೆಯ ಮೂಲೆಯಲ್ಲಿ, ಮೇಲಿನ ಹಿಮ ತಾಗದ ಕಡೆ. ಮೊದಲ ಮಾತು ತಿರುವಲ್ಲ, ಅಡ್ಡ ಜಾರು: ಸ್ಕೀಯನ್ನು ಇಳಿಜಾರಿಗೆ ಅಡ್ಡ ಇಟ್ಟು ಎರಡು ಮೀಟರ್ ಜಾರಿ, ಅಂಚು ಕಚ್ಚಿಸಿ ನಿಲ್ಲಿ. ನಿಂತ ಮೇಲೇ ತಿರುವು. ಕೆಳಗಿನ ಕೋಲನ್ನು ಹಿಮ್ಮಡಿಯ ನೇರಕ್ಕೆ ಕೆಳಗಡೆ ಊರಿ, ಎದೆ ಕಣಿವೆಯತ್ತ ಇರಲಿ, ಮೇಲಿನ ಕಾಲಿನಿಂದ ಚಿಮ್ಮಿ ಎರಡೂ ಸ್ಕೀಗಳನ್ನು ಗಾಳಿಯಲ್ಲೇ ತಿರುಗಿಸಿ, ಇಳಿದ ಕೂಡಲೇ ಅಂಚು ಹಿಡಿಸಿ ನಿಲ್ಲಿ. ಹೆದರಿಕೆಗೆ ಮೈ ಗುಡ್ಡದ ಕಡೆ ವಾಲುತ್ತದೆ, ವಾಲಿದರೆ ಅಂಚು ಬಿಡುತ್ತದೆ, ಬೀಳುವ ಕಾರಣ ಬಹುಮಟ್ಟಿಗೆ ಇದೇ. ಒಂದೊಂದೇ ತಿರುವು, ಪ್ರತಿ ತಿರುವಿನ ಮೇಲೆ ಪೂರ್ಣ ನಿಲುಗಡೆ. ನಿಮ್ಮ ಸ್ಕೀ ಕೆತ್ತಿದ ನುಚ್ಚುಹಿಮ ನಿಮ್ಮನ್ನು ದಾಟಿ ಹೋಗಲು ಬಿಟ್ಟು ಮುಂದಿನದು. ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಡಿ, ಹಿಮದಲ್ಲಿ ಸಿಕ್ಕಾಗ ಅದು ಕೈಯನ್ನು ಒಳಗೆಳೆಯುತ್ತದೆ.

ಟ್ರಾನ್ಸೀವರ್ (ಹೂತವರನ್ನು ಪತ್ತೆ ಹಚ್ಚುವ ರೇಡಿಯೊ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರಲ್ಲೂ ಇರಬೇಕು, ಗೈಡ್ ಹತ್ತಿರ ಮಾತ್ರ ಇದ್ದರೆ ಗೈಡ್ ಹೂತುಹೋದಾಗ ಯಾರೂ ಇಲ್ಲ. ಹೂತವರನ್ನು ಮೊದಲ 10 ನಿಮಿಷದಲ್ಲಿ ತೆಗೆದರೆ ಬಹುಪಾಲು ಬದುಕುತ್ತಾರೆ, ಆಮೇಲೆ ಉಸಿರುಗಟ್ಟಿ ಲೆಕ್ಕ ಜರ್ರನೆ ಇಳಿಯುತ್ತದೆ. ಆದರೆ ಓಣಿಯಲ್ಲಿ ಹೂತುಹೋಗುವ ಮುಂಚೆಯೇ ಬಂಡೆಗೆ ಬಡಿದು ಸಾಯುವುದುಂಟು. ಸಾಮಾನು ಇದೆ ಎಂಬ ಧೈರ್ಯಕ್ಕೆ ತಡವಾಗಿ ಹತ್ತುವುದು ಸಲ್ಲದು.

ಇದರ ಅಭ್ಯಾಸವನ್ನು ಮಾತ್ರ ನಿಮ್ಮೂರಲ್ಲೇ ಪೂರ್ತಿ ಮಾಡಿಕೊಳ್ಳಬಹುದು. ಜನವರಿಯ ಸುಮಾರಿಗೆ ತೊಗರಿ ರಾಶಿ ಮುಗಿದ ಹೊಲದಲ್ಲಿ ಒಬ್ಬರು ಒಂದು ಟ್ರಾನ್ಸೀವರನ್ನು ಚೀಲದಲ್ಲಿ ಕಟ್ಟಿ ಹೊಟ್ಟಿನ ಗುಡ್ಡೆಯಲ್ಲಿ ಹೂತಿಡಲಿ, ಇನ್ನೊಬ್ಬರು 50 ಮೀಟರ್ ದೂರದಿಂದ ಹುಡುಕಲಿ. ದೂರದ ಅಂಕಿ 10 ಆಗುವವರೆಗೆ ಓಡಿ, ಆಮೇಲೆ ನಿಧಾನಿಸಿ, 3 ಆದಾಗ ಯಂತ್ರವನ್ನು ನೆಲಕ್ಕೆ ತಾಗಿಸಿಕೊಂಡು ಅಡ್ಡ ಉದ್ದ ಸರಿಸಿ ಅತಿ ಕಡಿಮೆ ಅಂಕಿ ಹಿಡಿಯಿರಿ. ಅಲ್ಲಿಂದ ಪ್ರೋಬನ್ನು ಇಳಿಜಾರಿಗೆ ಲಂಬವಾಗಿ, 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಚುಚ್ಚುತ್ತ ಹೋಗಿ. ತಾಗಿದ ಮೇಲೆ ಪ್ರೋಬ್ ತೆಗೆಯಬಾರದು, ಆಳದ ಒಂದೂವರೆ ಪಟ್ಟು ಕೆಳಗಡೆಯಿಂದ ಅಗೆಯಬೇಕು. ಫೋನು ಟ್ರಾನ್ಸೀವರಿಗೆ ಅಡ್ಡಿ ಮಾಡುತ್ತದೆ: ಮೈಮೇಲಿರುವಾಗ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿರಲಿ. ಹುಡುಕುವುದಕ್ಕಿಂತ ಅಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಮೀಟರ್ ಆಳದಲ್ಲಿರುವವರನ್ನು ತಲುಪಲು ಒಂದು ಟನ್‌ಗೂ ಹೆಚ್ಚು ಹಿಮ ಸರಿಸಬೇಕಾಗಬಹುದು, ನಿಂತ ಹಿಮ ಕಾಂಕ್ರೀಟಿನಂತೆ ಬಿಗಿದಿರುತ್ತದೆ. ಮುರುಮಿನ ಗುಡ್ಡೆಯನ್ನು ನಿಮ್ಮ ಸಲಿಕೆಯಿಂದಲೇ ಹತ್ತು ನಿಮಿಷ ಬಿಡದೆ ಅಗೆದು ನೋಡಿ.

ಕಾಲಿನ ತಯಾರಿಗೆ ಮೆಟ್ಟಿಲುಗಳು ಸಾಕು. ನಾಲ್ಕನೇ ಮಹಡಿಯವರೆಗಿನ ಏರು 12 ಮೀಟರ್ ಎಂದರೆ 42 ಸಲ ಹತ್ತಿದಾಗ 500 ಮೀಟರ್ ಆಗುತ್ತದೆ. ಅದನ್ನು 12 ಕಿಲೋ ಹೊರೆಯೊಂದಿಗೆ ಎರಡೂವರೆ ಗಂಟೆಯಲ್ಲಿ, ಮಾತಾಡುತ್ತ ಮುಗಿಸುವಂತಾದರೆ ಸರಿ. ಯಾದಗಿರಿಯವರಿಗೆ ಊರಿನ ಕೋಟೆಗುಡ್ಡ ಇದೆ, ಬಂಡೆ ಮೇಲೆ ಕಾಲಿಡುವ ನಂಬಿಕೆಯೂ ಅಲ್ಲಿ ಬರುತ್ತದೆ. ಇಳಿಯುವುದನ್ನು ಬಿಡಬೇಡಿ: ತೊಡೆಯ ಮುಂಭಾಗ ಸೋಲುವುದು ಇಳಿಯುವಾಗಲೇ. ವಾರಕ್ಕೆರಡು ದಿನ, ನೆಲದ ಮೇಲೊಂದು ಗೆರೆ ಎಳೆದು ಎರಡೂ ಕಾಲು ಜೋಡಿಸಿ ಅಡ್ಡಡ್ಡ ಜಿಗಿದು ಪ್ರತಿ ಸಲ ಮಂಡಿ ಬಗ್ಗಿಸಿ ನಿಲ್ಲುವುದನ್ನು ಮಾಡಿ. ಮಾರ್ಚ್ ಬಂದ ಮೇಲೆ ಬೆಳಗಿನ ಏಳರೊಳಗೆ ಮುಗಿಸಿ.

ಅಲ್ಲಿ ಹೋದ ಮೇಲೆ 3,000 ಮೀಟರ್ ದಾಟಿದಾಗ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ. ಅಟಲ್ ಸುರಂಗ ಆದ ಮೇಲೆ ಮನಾಲಿಯಿಂದ ಲಾಹೌಲ್‌ಗೆ ಕಾರಿನಲ್ಲಿ ಬೇಗನೆ ತಲುಪಬಹುದು, ಮೈ ಅಷ್ಟು ಬೇಗ ಹೊಂದುವುದಿಲ್ಲ. ತಲೆನೋವು, ವಾಕರಿಕೆ ಇದ್ದರೆ ಏರುವುದು ನಿಲ್ಲಿಸಿ. ನಡೆ ತಪ್ಪತೊಡಗಿದರೆ ರಾತ್ರಿಯಾದರೂ ಕೆಳಗಿಳಿಸಿ. ಬಿಸಿಲು ನಮಗೆ ರೂಢಿ ಎಂದು ಕಪ್ಪು ಕನ್ನಡಕ ಬಿಡುವವರಿದ್ದಾರೆ. ಹಿಮದ ಮೇಲೆ ಬಿಸಿಲು ಕೆಳಗಿನಿಂದಲೂ ಬರುತ್ತದೆ, ಮೂಗಿನ ಅಡಿ, ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು. ಸ್ಯಾಟಲೈಟ್ ಫೋನಾಗಲಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವಾಗಲಿ ಸರ್ಕಾರದ ಅನುಮತಿಯಿಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ, ವಿದೇಶದ ಬ್ಲಾಗು ಓದಿ ತರಿಸಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಯೊಳಗೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದು ಕೆಳಗಿನ ಊರಿನಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ಮುಂದೆ ಎಂದಾದರೂ ಕಾಶ್ಮೀರಕ್ಕೆ ಹೋಗುವುದಾದರೆ ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಗುಲ್ಮಾರ್ಗ್‌ಗೆ ಹೋಗಿಬಂದ ನಿಮಗೆ ಇದು ಗೊತ್ತೇ ಇರುತ್ತದೆ, ಗೆಳೆಯರಿಗೆ ತಿಳಿಸಿ.

ಏಪ್ರಿಲ್ ಕೊನೆಗೆ ನೀವು ಮರಳುವಾಗ ಕಲಬುರಗಿ 40 ಡಿಗ್ರಿ ದಾಟಿರುತ್ತದೆ. ಸ್ವಂತ ಸ್ಕಿನ್ ಇದ್ದರೆ ಅದನ್ನು ಪತ್ರಾಸಿನ ಕೋಣೆಯಲ್ಲೋ ಕಾರಿನ ಡಿಕ್ಕಿಯಲ್ಲೋ ಇಡಬೇಡಿ, ಅಂಟು ಕರಗಿ ಬಟ್ಟೆಯ ಕಡೆಗೆಲ್ಲ ಹತ್ತಿ ಮುಂದಿನ ವರ್ಷ ಸ್ಕೀಗೆ ಕಚ್ಚುವುದಿಲ್ಲ. ಪೂರ್ತಿ ಒಣಗಿಸಿ, ನಡುವೆ ಜಾಳಿಗೆಯ ಹಾಳೆ ಇಟ್ಟು ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯಲ್ಲಿ ಇಡಿ. ಟ್ರಾನ್ಸೀವರಿನ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ತಗಡು ತಿನ್ನುತ್ತದೆ. ಸ್ಕೀ ಅಡಿಗೂ ಅಂಚಿಗೂ ಮೇಣ ದಪ್ಪಗೆ ಬಳಿದು ಕೆರೆಯದೆ ಹಾಗೇ ಬಿಡಿ, ಮಳೆಗಾಲದ ತೇವಕ್ಕೆ ಅಂಚು ತುಕ್ಕು ಹಿಡಿಯುವುದಿಲ್ಲ.